ಅಮ್ಮ ಜೊತೆಗಿದ್ದರೆ ಮಾತ್ರ ಸೀಟು

ನನ್ನ ಮಗನಿಗೆ ಒಂದನೇ ಕ್ಲಾಸಿನಲ್ಲಿ ಸೀಟು ಸಿಕ್ಕಾಗ ನನಗೊಂದು ಪ್ಲಾಸ್ಟಿಕ್ ಕುರ್ಚಿಯೂ ಸಿಕ್ಕಿತು. ಕ್ಲಾಸಿನ ಬಾಗಿಲ ಹೊರಗೆ, ಮಕ್ಕಳು ಶೂ ಬಿಡುವ ಕಡೆ. "ಅಡ್ಮಿಷನ್ ಕೊಡೋಕೆ ನಮ್ಮದೇನೂ ಅಭ್ಯಂತರ ಇಲ್ಲ ಮೇಡಂ, ಆದ್ರೆ ನೀವು ಜೊತೇಲಿ ಇರ್ಬೇಕು, ಮಿಸ್‌ಗೆ ಬೇರೆ ಮಕ್ಕಳೂ ಇದ್ದಾರಲ್ವಾ" ಅಂತ ಶಾಲೆಯವರು ಅಂದಿದ್ದರು. ಮಗನಿಗೆ ಆಟಿಸಂ ಇದೆ. ಅಷ್ಟು ಹೊತ್ತಿಗೆ ನಾಲ್ಕು ಶಾಲೆ ಸುತ್ತಿ, ನಾಲ್ಕೂ ಕಡೆ "ಸೀಟು ಫುಲ್" ಅನ್ನಿಸಿಕೊಂಡು ಬಂದಿದ್ದೆವು. ಹಾಗಾಗಿ ಆ ಕುರ್ಚಿ ಆವತ್ತು ದೊಡ್ಡ ಉಪಕಾರದಂತೆ ಕಂಡಿತು. ಕೆಲಸ ಬಿಟ್ಟೆ. ದಿನಾ ಬೆಳಿಗ್ಗೆ ಒಂಬತ್ತೂವರೆಯಿಂದ ಹನ್ನೆರಡೂವರೆವರೆಗೆ, ಒಂದೂವರೆ ವರ್ಷ, ಅಲ್ಲಿ ಕೂತೆ.

ಅಲ್ಲಿ ಕೂತಿದ್ದರಿಂದ ನನ್ನ ಮಗ ಏನು ಕಳೆದುಕೊಂಡ ಅನ್ನೋದು ಗೊತ್ತಾಗಲು ಬಹಳ ದಿನ ಹಿಡಿಯಿತು. ಒಳಗೆ ಏನಾದರೂ ಸದ್ದಾದರೆ ಮಿಸ್ ಮಗನ ಕಡೆ ನೋಡುತ್ತಿರಲಿಲ್ಲ, ಬಾಗಿಲ ಕಡೆ ನೋಡುತ್ತಿದ್ದರು. ಮಕ್ಕಳೂ ಅಷ್ಟೇ. ಅವನ ಪೆನ್ಸಿಲ್ ಕೆಳಗೆ ಬಿದ್ದರೆ ಎತ್ತಿಕೊಡುವ ಬದಲು "ಆಂಟೀ..." ಅಂತ ನನ್ನನ್ನು ಕೂಗುತ್ತಿದ್ದರು. ನಾನು ಎದ್ದು ಹೋಗಿ ಎತ್ತಿಕೊಟ್ಟು ಬರುತ್ತಿದ್ದೆ. ಅವನು ಯಾವಾಗ ಕಿವಿ ಮುಚ್ಚಿಕೊಳ್ಳುತ್ತಾನೆ, ನೀರು ಬೇಕಾದಾಗ ಏನು ಮಾಡುತ್ತಾನೆ, ಖುಷಿಯಾದಾಗ ಕೈ ಹೇಗೆ ಆಡಿಸುತ್ತಾನೆ, ಒಂದೂವರೆ ವರ್ಷವಾದರೂ ಆ ಕ್ಲಾಸಿನಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ. ಗೊತ್ತು ಮಾಡಿಕೊಳ್ಳುವ ಅಗತ್ಯವೇ ಬೀಳಲಿಲ್ಲ, ನಾನಿದ್ದೆನಲ್ಲ.

ಆಮೇಲೆ ಯೋಚನೆ ಮಾಡಿದರೆ ಎಲ್ಲ ಕಡೆಯೂ ಇದೇ ಷರತ್ತು. ಬೇಸಿಗೆ ಶಿಬಿರದಲ್ಲಿ, ಪಾರ್ಕಿನಲ್ಲಿ, ನೆಂಟರ ಮನೆಯ ನಾಮಕರಣದಲ್ಲಿ, ಪಕ್ಕದ ಬೀದಿಯ ಡ್ರಾಯಿಂಗ್ ಕ್ಲಾಸಿನಲ್ಲಿ. ಕರೆದುಕೊಂಡು ಬನ್ನಿ, ಆದರೆ ನೀವೂ ಇರಿ. ಯಾರೂ ಬಾಗಿಲು ಹಾಕುವುದಿಲ್ಲ, ಆದರೆ ಮಗುವಿನ ಜವಾಬ್ದಾರಿಯನ್ನು ಒಂದು ನಿಮಿಷವೂ ಯಾರೂ ಕೈಗೆ ತೆಗೆದುಕೊಳ್ಳುವುದಿಲ್ಲ. ಇಲಾಖೆಯ ಭಾಷೆಯಲ್ಲಿ ಸಮನ್ವಯ ಶಿಕ್ಷಣ, ಒಳಗೊಳ್ಳುವಿಕೆ ಅಂತ ಏನೇ ಹೆಸರಿರಲಿ, ನಾನೀಗ ಕೇಳಿಕೊಳ್ಳುವುದು ಒಂದೇ ಪ್ರಶ್ನೆ: ಅಮ್ಮ ಇಲ್ಲದೆ ಈ ಮಗು ಇಲ್ಲಿ ಒಂದು ಗಂಟೆ ಇರಬಹುದಾ? ಇರಬಹುದು ಅಂದರೆ ಆ ಜಾಗ ಮಗುವನ್ನು ಸೇರಿಸಿಕೊಂಡಿದೆ. ಇಲ್ಲ ಅಂದರೆ ಸೀಟು ಕೊಟ್ಟಿದೆ, ಅಷ್ಟೇ.

ಕಾನೂನು ಏನು ಹೇಳುತ್ತದೆ ಅಂತ ಬಹಳಷ್ಟು ಅಪ್ಪ ಅಮ್ಮಂದಿರಿಗೆ ಯಾರೂ ಹೇಳಿರುವುದಿಲ್ಲ, ನನಗೂ ಹೇಳಿರಲಿಲ್ಲ. ವಿಕಲಚೇತನರ ಹಕ್ಕುಗಳ ಕಾಯ್ದೆ 2016ರದ್ದು, ಜಾರಿಗೆ ಬಂದದ್ದು 2017ರ ಏಪ್ರಿಲ್‌ನಲ್ಲಿ. 1995ರ ಹಳೇ ಕಾಯ್ದೆಯ ಪಟ್ಟಿಯಲ್ಲಿ 7 ಬಗೆಯ ವೈಕಲ್ಯಗಳಿದ್ದವು, ಇದರಲ್ಲಿ 21. ಆಟಿಸಂ, ಕಲಿಕಾ ನ್ಯೂನತೆ ಎರಡೂ ಸೇರಿದ್ದು ಆಗಲೇ. ಇದರ ಸೆಕ್ಷನ್ 16 ಓದಲೇಬೇಕು. ಸರ್ಕಾರದ ಅನುದಾನ ಅಥವಾ ಮಾನ್ಯತೆ ಇರುವ ಶಾಲೆಗಳು ಭೇದ ಮಾಡದೆ ಮಕ್ಕಳನ್ನು ಸೇರಿಸಿಕೊಳ್ಳಬೇಕು, ಪಾಠದ ಜೊತೆ ಆಟದಲ್ಲೂ ಸಮಾನ ಅವಕಾಶ ಕೊಡಬೇಕು, ಆ ಮಗುವಿಗೆ ಏನು ಬೇಕೋ ಅದಕ್ಕೆ ತಕ್ಕಂತೆ ಹೊಂದಾಣಿಕೆ ಮಾಡಬೇಕು ಅಂತ ಅದು ಹೇಳುತ್ತದೆ. "ಮಾನ್ಯತೆ" ಅನ್ನೋ ಪದ ನೋಡಿ. ಅಂದರೆ ಖಾಸಗಿ ಶಾಲೆಗೂ ಇದು ಅನ್ವಯಿಸುತ್ತದೆ. ಸೆಕ್ಷನ್ 31ರ ಪ್ರಕಾರ ಶೇ 40ಕ್ಕಿಂತ ಕಡಿಮೆಯಿಲ್ಲದ ವೈಕಲ್ಯ ಇರುವ ಮಗುವಿಗೆ 6ರಿಂದ 18 ವರ್ಷದವರೆಗೆ ಉಚಿತ ಶಿಕ್ಷಣದ ಹಕ್ಕಿದೆ. ಹತ್ತಿರದ ಶಾಲೆಯಲ್ಲಿ ಓದಬಹುದು, ಬೇಕೆಂದರೆ ವಿಶೇಷ ಶಾಲೆಯಲ್ಲೂ ಓದಬಹುದು. ಹೆಚ್ಚು ಆಸರೆ ಬೇಕಾದ ಮಕ್ಕಳಿಗೆ ಸಹಾಯಕರು ಇರುತ್ತಾರೆ ಅನ್ನೋದನ್ನೂ ಕಾಯ್ದೆ ಊಹಿಸಿದೆ, ಅವರ ಓಡಾಟಕ್ಕೂ ವ್ಯವಸ್ಥೆ ಮಾಡಿ ಅಂತ ಹೇಳಿದೆ. ಅಮ್ಮ ಬಾಗಿಲ ಹೊರಗೆ ಕೂರಬೇಕು ಅಂತ ಎಲ್ಲೂ ಬರೆದಿಲ್ಲ.

ಹಾಗಾದರೆ ಅಮ್ಮನೇ ಯಾಕೆ? ಬೇರೆ ಯಾರೂ ಇಲ್ಲ, ಅದಕ್ಕೆ.

ನಾನು ಮಿಸ್ ಮೇಲೆ ತಪ್ಪು ಹೊರಿಸುತ್ತಿಲ್ಲ. ನಲವತ್ತು ಮಕ್ಕಳನ್ನು ಒಬ್ಬರೇ ಸಂಭಾಳಿಸುವಾಗ, ಸಹಾಯಕ್ಕೆ ಒಬ್ಬ ಆಯಾ ಕೂಡ ಇಲ್ಲದಿರುವಾಗ, ಮಾತು ಬಾರದ ಒಂದು ಮಗು ಎದ್ದು ಓಡಿದರೆ ಅವರೇನು ಮಾಡಬೇಕು? ಅವರಿಗೆ ಯಾರೂ ಕಲಿಸಿಲ್ಲ. ವಿಶೇಷ ಶಿಕ್ಷಕರು ಎಷ್ಟಿರಬೇಕು ಅನ್ನೋ ವಿಚಾರ ಸುಪ್ರೀಂ ಕೋರ್ಟಿನವರೆಗೂ ಹೋಯಿತು. 2021ರ ಅಕ್ಟೋಬರ್‌ನಲ್ಲಿ ಬಂದ ತೀರ್ಪಿನಲ್ಲಿ ಪ್ರಾಥಮಿಕ ಹಂತಕ್ಕೆ 10 ವಿಶೇಷ ಮಕ್ಕಳಿಗೆ ಒಬ್ಬರು, ಅದರ ಮೇಲಿನ ಹಂತಗಳಿಗೆ 15 ಮಕ್ಕಳಿಗೆ ಒಬ್ಬರು ಅನ್ನೋ ಲೆಕ್ಕ ಬಂತು. ಕೇಂದ್ರ ಸರ್ಕಾರ ಅದನ್ನು 2022ರಲ್ಲಿ ಅಧಿಸೂಚನೆ ಮಾಡಿತು. ಆದರೂ 2025ರ ಮಾರ್ಚ್‌ನಲ್ಲಿ ಅದೇ ಕೋರ್ಟು ರಾಜ್ಯಗಳಿಗೆ "ಮೊದಲು ಎಷ್ಟು ಹುದ್ದೆ ಅಂತ ಮಂಜೂರು ಮಾಡಿ ಪ್ರಕಟಿಸಿ" ಅಂತ ಮತ್ತೆ ಹೇಳಬೇಕಾಯಿತು. ತೀರ್ಪಿನಿಂದ ಅಲ್ಲಿಗೆ ಮೂರು ವರ್ಷಕ್ಕೂ ಜಾಸ್ತಿ. ಒಂದನೇ ಕ್ಲಾಸಿನ ಮಗು ನಾಲ್ಕನೇ ಕ್ಲಾಸಿಗೆ ಬಂದಿರುತ್ತದೆ.

ನಮ್ಮಲ್ಲಿ ಪ್ರತಿ ಬಿಆರ್‌ಸಿಯಲ್ಲಿ, ಅಂದರೆ ಶಿಕ್ಷಣ ಇಲಾಖೆಯ ಬ್ಲಾಕ್ ಸಂಪನ್ಮೂಲ ಕೇಂದ್ರದಲ್ಲಿ, ವಿಶೇಷ ಮಕ್ಕಳಿಗಾಗಿ ಬಿಐಇಆರ್‌ಟಿ ಅಂತ ಸಂಪನ್ಮೂಲ ಶಿಕ್ಷಕರಿರುತ್ತಾರೆ. ವಿಶೇಷ ಮಕ್ಕಳಿರುವ ಸರ್ಕಾರಿ ಶಾಲೆಗಳಿಗೆ ಹೋಗುವುದು, ಶಾಲೆಗೆ ಬರಲಾಗದ ಮಕ್ಕಳ ಮನೆಗೇ ಹೋಗಿ ಕಲಿಸುವುದು, ವೈದ್ಯಕೀಯ ಶಿಬಿರ ನಡೆಸುವುದು, ಗಾಲಿಕುರ್ಚಿ ಕೊಡಿಸುವುದು ಎಲ್ಲ ಅವರ ತಲೆ ಮೇಲೆ. ಒಂದು ತಾಲೂಕಿಗೆ ಬೆರಳೆಣಿಕೆಯಷ್ಟು ಜನ. ನನಗೆ ಪರಿಚಯ ಇರುವವರೊಬ್ಬರು ಸ್ಕೂಟಿಯಲ್ಲಿ ಊರೂರು ಸುತ್ತುತ್ತಾರೆ, ಒಂದು ಮಗುವಿನ ಹತ್ತಿರ ಮತ್ತೆ ಬರುವ ಹೊತ್ತಿಗೆ ಕಲಿಸಿದ್ದು ಅರ್ಧ ಮರೆತಿರುತ್ತದೆ. ಖಾಸಗಿ ಶಾಲೆಗಳು ಈ ಕೆಲಸವನ್ನು, ಕ್ಲಾಸಿನಲ್ಲಿ ಒಂದೇ ಮಗುವಿನ ಜೊತೆ ಕೂರುವ ಶ್ಯಾಡೋ ಟೀಚರ್ ಅನ್ನೋ ಹೆಸರಲ್ಲಿ, ಪೋಷಕರ ಜೇಬಿಗೆ ಹಾಕಿವೆ. ನಮಗೆ ತಿಂಗಳಿಗೆ 12 ಸಾವಿರ ಹೇಳಿದರು, ಶಾಲೆಯ ಫೀಸು ಬೇರೆ, ಥೆರಪಿಗೆ 45 ನಿಮಿಷಕ್ಕೆ 600 ರೂಪಾಯಿ ಬೇರೆ. ಕೊಡಲು ಆಗದ ಮನೆಯಲ್ಲಿ ಅಮ್ಮನೇ ಶ್ಯಾಡೋ ಟೀಚರ್, ಸಂಬಳವಿಲ್ಲದೆ.

ಆರ್‌ಟಿಇ, ಅಂದರೆ ಶಿಕ್ಷಣ ಹಕ್ಕು ಕಾಯ್ದೆಯ ದಾರಿಯೂ ನಮ್ಮ ರಾಜ್ಯದಲ್ಲಿ ಕಿರಿದಾಗಿದೆ. 2012ರ ತಿದ್ದುಪಡಿಯಲ್ಲಿ ವಿಕಲಚೇತನ ಮಕ್ಕಳನ್ನೂ ಅವಕಾಶ ವಂಚಿತರ ಗುಂಪಿಗೆ ಸೇರಿಸಿದ್ದರಿಂದ ಖಾಸಗಿ ಶಾಲೆಯ ಶೇ 25ರ ಮೀಸಲು ಸೀಟುಗಳಲ್ಲಿ ಅವರಿಗೂ ಪಾಲು ಸಿಕ್ಕಿತ್ತು. ಆದರೆ ಹತ್ತಿರದಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಖಾಸಗಿಯವರು ಆ ಸೀಟು ಕೊಡಬೇಕಿಲ್ಲ ಅಂತ ಕರ್ನಾಟಕದಲ್ಲಿ ನಿಯಮ ಬದಲಾಯಿತು, 2019ರಲ್ಲಿ ಹೈಕೋರ್ಟೂ ಅದನ್ನು ಒಪ್ಪಿತು. ಸರ್ಕಾರಿ ಶಾಲೆಗೆ ಹೋಗಲಿ ಅನ್ನೋದು ಕೆಟ್ಟ ಮಾತಲ್ಲ. ನನ್ನ ಅನುಭವದಲ್ಲಿ ಸರ್ಕಾರಿ ಶಾಲೆಯವರೇ ಮುಖ ತಿರುಗಿಸದೆ ಸೇರಿಸಿಕೊಂಡದ್ದು, ಆ ವಿಷಯಕ್ಕೆ ಆಮೇಲೆ ಬರುತ್ತೇನೆ. ಆದರೆ ಅಲ್ಲಿಗೆ ಬೇಕಾದಷ್ಟು ಜನ ಕೊಡದೆ ಬರೀ ದಾಖಲಾತಿ ಸಂಖ್ಯೆ ತೋರಿಸಿದರೆ ಏನು ಬಂತು?

ಶಾಲೆ ಸೇರಿಸಿಕೊಳ್ಳದಿದ್ದರೆ ದೂರು ಕೊಡಬಹುದಲ್ವಾ ಅಂತ ಕೇಳುತ್ತಾರೆ. ಕೊಡಬಹುದು. ಕ್ಷೇತ್ರ ಶಿಕ್ಷಣಾಧಿಕಾರಿ (ಬಿಇಒ) ಇದ್ದಾರೆ, ವಿಕಲಚೇತನರ ರಾಜ್ಯ ಆಯುಕ್ತರಿದ್ದಾರೆ. 2016ರ ಕಾಯ್ದೆ ಮೀರಿದರೆ ಮೊದಲ ಸಲ 10 ಸಾವಿರದವರೆಗೆ, ಮತ್ತೆ ಮೀರಿದರೆ 50 ಸಾವಿರದಿಂದ 5 ಲಕ್ಷದವರೆಗೆ ದಂಡ ಇದೆ. ಆದರೆ ದೂರು ಕೊಟ್ಟ ಮಾರನೇ ದಿನ ಮಗು ಅದೇ ಕ್ಲಾಸಿನಲ್ಲಿ, ಅದೇ ಟೀಚರ್ ಎದುರು ಕೂರಬೇಕು. ಮನೆಗೆ ಬಂದು ಏನಾಯಿತು ಅಂತ ಹೇಳಲು ಅದಕ್ಕೆ ಬಾಯಿಲ್ಲ. ಯಾವ ಅಮ್ಮ ದೂರು ಕೊಡುತ್ತಾಳೆ? ನಾನೂ ಕೊಡಲಿಲ್ಲ. ಅದರ ಬಗ್ಗೆ ನನಗೆ ಇವತ್ತಿಗೂ ನೋವಿದೆ, ನಾನು ಕೊಟ್ಟಿದ್ದರೆ ನನ್ನ ಹಿಂದೆ ಬಂದ ಇನ್ನೊಬ್ಬಳಿಗೆ ಆ ಕುರ್ಚಿ ಹಾಕುತ್ತಿರಲಿಲ್ಲವೇನೋ. ಇದನ್ನೆಲ್ಲ ಅಮ್ಮಂದಿರ ಧೈರ್ಯಕ್ಕೆ ಬಿಡಬಾರದು. ಪ್ರತಿ ವರ್ಷ ಯಾವ ಶಾಲೆಯಲ್ಲಿ ಎಷ್ಟು ವಿಶೇಷ ಮಕ್ಕಳಿದ್ದಾರೆ, ಅವರ ಜೊತೆ ಯಾರಿದ್ದಾರೆ, ಅವರ ಸಂಬಳ ಯಾರು ಕೊಡುತ್ತಿದ್ದಾರೆ ಅಂತ ಇಲಾಖೆಯೇ ಹೋಗಿ ನೋಡಬೇಕು.

ಲೆಕ್ಕದ ವಿಷಯಕ್ಕೆ ಬಂದರೆ, 2011ರ ಜನಗಣತಿಯ ಪ್ರಕಾರ ದೇಶದಲ್ಲಿ 2.68 ಕೋಟಿ ವಿಕಲಚೇತನರು, ಕರ್ನಾಟಕದಲ್ಲಿ 13 ಲಕ್ಷಕ್ಕೂ ಹೆಚ್ಚು. ಆಗ ಕೇಳಿದ್ದು ಎಂಟು ಬಗೆ ಮಾತ್ರ, ಆಟಿಸಂಗೆ ಬೇರೆ ಕಾಲಂ ಇರಲಿಲ್ಲ. ನನ್ನ ಮಗನಂಥ ಮಕ್ಕಳು ಎಷ್ಟಿದ್ದಾರೆ ಅನ್ನೋದನ್ನು ಆ ಎಣಿಕೆ ಹೇಳುವುದಿಲ್ಲ. ಮನೆಯವರೂ ಮುಚ್ಚಿಡುತ್ತಾರೆ. ಅಣ್ಣತಮ್ಮಂದಿರ ಮದುವೆಗೆ ತೊಂದರೆ ಆದೀತು ಅಂತ, ಅಥವಾ "ಮಾತು ಸ್ವಲ್ಪ ಲೇಟು, ಅವರಪ್ಪನೂ ಹಾಗೇ" ಅಂತ. ಎರಡು ವರ್ಷ ಹಾಗೇ ಕಳೆದುಹೋಗುತ್ತದೆ, ಆ ಎರಡು ವರ್ಷವೇ ಮುಖ್ಯ. 2013ರಲ್ಲಿ ಶುರುವಾದ, ಮಕ್ಕಳ ಆರೋಗ್ಯ ತಪಾಸಣೆಯ ಆರ್‌ಬಿಎಸ್‌ಕೆ ಯೋಜನೆಯಲ್ಲಿ ಅಂಗನವಾಡಿಗೆ, ಶಾಲೆಗೆ ಡಾಕ್ಟರ ತಂಡ ಬಂದು ಮಕ್ಕಳನ್ನು ನೋಡುತ್ತದೆ, ಬೇಕಾದರೆ ಜಿಲ್ಲಾಸ್ಪತ್ರೆಯ ಡಿಇಐಸಿಗೆ, ಅಂದರೆ ತೊಂದರೆಯನ್ನು ಬೇಗ ಗುರುತಿಸಿ ಚಿಕಿತ್ಸೆ ಕೊಡುವ ಕೇಂದ್ರಕ್ಕೆ, ಕಳಿಸುತ್ತದೆ. ಹಳ್ಳಿಯಲ್ಲಾದರೆ ವಿಕಲಚೇತನರಿಗೆ ನೆರವಾಗಲು ಪಂಚಾಯಿತಿ ಮಟ್ಟದಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು (ವಿಆರ್‌ಡಬ್ಲ್ಯು) ಇರುತ್ತಾರೆ, ತಾಲೂಕಿಗೆ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರು (ಎಂಆರ್‌ಡಬ್ಲ್ಯು) ಇರುತ್ತಾರೆ. ವಿಕಲಚೇತನರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡಿಗೆ ಅರ್ಜಿ ಹಾಕುವುದು, ಪಿಂಚಣಿ, ಬಸ್ ಪಾಸು, ಎಲ್ಲಕ್ಕೂ ಮೊದಲು ಅವರನ್ನೇ ಹುಡುಕಿ. ಗೌರವಧನದಲ್ಲಿ ದುಡಿಯುವವರು, ಎಷ್ಟೋ ಜನ ಸ್ವತಃ ವಿಕಲಚೇತನರು, ನಮ್ಮ ಕಷ್ಟ ಬಿಡಿಸಿ ಹೇಳಬೇಕಾಗಿಲ್ಲ.

ನಾನಿರುವುದು ಮೈಸೂರಿನಲ್ಲಿ. ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ, ನಾವೆಲ್ಲ ಆಯಿಷ್ ಅನ್ನುತ್ತೇವೆ. ಅದರ ಸುತ್ತಮುತ್ತ ಒಂದೊಂದು ರೂಮು ಬಾಡಿಗೆಗೆ ಹಿಡಿದು ಎಷ್ಟು ಅಮ್ಮಂದಿರಿದ್ದಾರೆ ಗೊತ್ತಾ? ವಿಜಯಪುರ, ರಾಯಚೂರು, ಚಿತ್ರದುರ್ಗ, ಕೇರಳದ ಕಡೆಯಿಂದಲೂ. ಗಂಡ ಊರಲ್ಲಿ ಹೊಲ ಅಥವಾ ಅಂಗಡಿ ನೋಡಿಕೊಂಡಿರುತ್ತಾನೆ, ಇನ್ನೊಂದು ಮಗು ಅಜ್ಜಿ ಹತ್ತಿರ. ಇವರು ಇಲ್ಲಿ ಒಂದು ಗ್ಯಾಸ್ ಒಲೆ, ಎರಡು ಪಾತ್ರೆ ಇಟ್ಟುಕೊಂಡು ಮಗುವಿಗೆ "ಅ" ಅನ್ನಿಸಲು ವರ್ಷಗಟ್ಟಲೆ ಕಳೆಯುತ್ತಾರೆ. ಅಮ್ಮನಿಗೇ ಕಲಿಸುವ ಪದ್ಧತಿ ಸರಿಯಾದದ್ದೇ, ಥೆರಪಿಸ್ಟ್ ಹತ್ತಿರ ಮಗು ಇರುವುದು ಮುಕ್ಕಾಲು ಗಂಟೆ, ಉಳಿದ ಹೊತ್ತೆಲ್ಲ ಮನೆಯಲ್ಲಿ. ಆದರೆ ಅವರು ಇಷ್ಟೆಲ್ಲ ಕಲಿತು ಊರಿಗೆ ವಾಪಸ್ ಹೋದಾಗ ಅಲ್ಲಿ ಆ ಮಗುವಿನ ಭಾಷೆ ಗೊತ್ತಿರುವವರು ಅವರೊಬ್ಬರೇ. ಅಂಗನವಾಡಿ ಟೀಚರ್‌ಗೆ, ಪಕ್ಕದ ಮನೆಯವರಿಗೆ, ಎಷ್ಟೋ ಸಲ ಮಗುವಿನ ಅಪ್ಪನಿಗೂ ಗೊತ್ತಿರುವುದಿಲ್ಲ. ಒಂದು ಕಂಬದ ಮೇಲೆ ಇಡೀ ಮನೆ ನಿಂತಂತೆ.

ನಮ್ಮ ಬೀದಿಯಲ್ಲಿ ಒಂದು ದಿನಸಿ ಅಂಗಡಿ ಇದೆ, ನಮ್ಮ ಮನೆಯಿಂದ ಆರು ಮನೆ ಆಚೆ. ಎರಡು ವರ್ಷದ ಹಿಂದೆ ಅಂಗಡಿ ಅಣ್ಣ ತಾವಾಗಿಯೇ "ಅಕ್ಕಾ, ಒಂದ್ಸಲ ಅವನನ್ನ ಒಬ್ನೇ ಕಳ್ಸಿ ನೋಡಿ, ನಾನಿಲ್ವಾ" ಅಂದರು. ಚೀಟಿಯಲ್ಲಿ ಬೆಂಕಿಪೊಟ್ಟಣದ ಚಿತ್ರ ಬರೆದು, ಹತ್ತು ರೂಪಾಯಿ ನಾಣ್ಯ ಕೈಗೆ ಕೊಟ್ಟು ಕಳಿಸಿದೆ. ಗೇಟಿನ ಹತ್ತಿರ ನಿಂತು ನೋಡಿದೆ. ಮಗ ಹೋಗಿ ಮೊದಲು ರವೆ ಚೀಲದೊಳಗೆ ಕೈ ಇಟ್ಟ, ಅವನಿಗೆ ಆ ತಣ್ಣನೆಯ ನುಣುಪು ಇಷ್ಟ. ಬೇರೆ ಯಾರಾದರೂ ಆಗಿದ್ದರೆ ಗದರುತ್ತಿದ್ದರು. ಅಣ್ಣ ಏನೂ ಹೇಳದೆ ಕಾದರು. ಅವನು ಕೈ ತೆಗೆದ ಮೇಲೆ ಎರಡು ವಸ್ತು ಎತ್ತಿ ಹಿಡಿದರು, ಒಂದು ಸೋಪು, ಒಂದು ಬೆಂಕಿಪೊಟ್ಟಣ. ಮಗ ಚೀಟಿ ನೋಡಿದ, ಬೆಂಕಿಪೊಟ್ಟಣ ಮುಟ್ಟಿದ, ನಾಣ್ಯ ತಕ್ಕಡಿ ಮೇಲೆ ಇಟ್ಟ. ವಾಪಸ್ ಬರುವಾಗ ಚಿಲ್ಲರೆ ಒಂದು ಕೈಲಿ, ಪೊಟ್ಟಣ ಇನ್ನೊಂದು ಕೈಲಿ. ಈಗ ರವೆ ಚೀಲದ ಬಾಯಿಗೆ ಅಣ್ಣ ಒಂದು ಪ್ಲಾಸ್ಟಿಕ್ ಮುಚ್ಚಿ, ಪಕ್ಕದಲ್ಲಿ ಅವನಿಗೇ ಅಂತ ಒಂದು ಸಣ್ಣ ಡಬ್ಬದಲ್ಲಿ ರವೆ ಇಟ್ಟಿದ್ದಾರೆ. ಅಂಗಡಿಗೆ ಬರುವ ಬೇರೆ ಮಕ್ಕಳಿಗೂ ಆ ಡಬ್ಬ ಯಾರದು ಅಂತ ಗೊತ್ತು.

ಎರಡು ವಸ್ತು ಎತ್ತಿ ತೋರಿಸಿ ಆರಿಸಲು ಬಿಡುವುದು, ಮಾತು ಕಡಿಮೆ ಮಾಡುವುದು, ಕಾಯುವುದು, ಇದನ್ನೇ ಥೆರಪಿಯಲ್ಲಿ ದುಡ್ಡು ಕೊಟ್ಟು ಕಲಿಯುತ್ತೇವೆ. ಅಣ್ಣನಿಗೆ ಯಾವ ತರಬೇತಿಯೂ ಇಲ್ಲ. ದಿನಾ ನೋಡಿದ್ದಾರೆ, ಅಷ್ಟೇ. ಗೊತ್ತಿಲ್ಲದ್ದನ್ನು ಕೇಳಿದ್ದಾರೆ. ಸಮುದಾಯ ಅಂತ ನಾವು ದೊಡ್ಡದಾಗಿ ಮಾತಾಡುತ್ತೇವೆ, ನನ್ನ ಮಟ್ಟಿಗೆ ಅದು ಇಂಥ ಹತ್ತು ಜನ. ಬೆಂಗಳೂರಿನಲ್ಲಿ ಕಿಲಿಕಿಲಿ ಅನ್ನೋ ಪೋಷಕರ ಗುಂಪು ಪಾಲಿಕೆಯ ಜೊತೆ ಸೇರಿ ಕೋಲ್ಸ್ ಪಾರ್ಕಿನಲ್ಲಿ ಎಲ್ಲ ಮಕ್ಕಳೂ ಒಟ್ಟಿಗೆ ಆಡುವಂಥ ಜಾಗ ಮಾಡಿಸಿತು. ಅದು ವಿಶೇಷ ಮಕ್ಕಳಿಗೇ ಅಂತ ಬೇಲಿ ಹಾಕಿದ ಪಾರ್ಕು ಅಲ್ಲ, ಗಾಲಿಕುರ್ಚಿ ಒಳಗೆ ಬರುತ್ತದೆ, ಪಕ್ಕದಲ್ಲೇ ಬೀದಿಯ ಮಕ್ಕಳೂ ಜೋಕಾಲಿ ಆಡುತ್ತಾರೆ. ಇಂಥ ಜಾಗ ಮೈಸೂರಿನ ಪ್ರತಿ ಬಡಾವಣೆಗೂ ಬೇಕು. ಪಾರ್ಕಿಗೆ ಹೊಸ ಕಾರಂಜಿ ಹಾಕುವ ದುಡ್ಡಿನಲ್ಲಿ ಆಗುವ ಕೆಲಸ.

ಮದುವೆ ಮನೆಯ ಒಂದು ಮಾತು ಹೇಳಬೇಕು. ಗಟ್ಟಿಮೇಳದ ಸದ್ದಿಗೆ ಮಗ ಕೂಗಿಕೊಂಡಾಗ ಹತ್ತು ಜನ ತಿರುಗಿ ನೋಡಿದರು, ಒಬ್ಬರು ಹರಕೆ ಹೊತ್ತಿದ್ದೀರಾ ಅಂತ ಕೇಳಿದರು, ಇನ್ನೊಬ್ಬರು "ಪಾಪ, ದೇವರ ಮಗು" ಅಂದರು. ಒಳ್ಳೇ ಮನಸ್ಸಿನಿಂದಲೇ ಅಂದದ್ದು. ಆದರೂ ದೇವರ ಮಗು ಅಂದಾಗ ನನಗೆ ಕಸಿವಿಸಿಯಾಗುತ್ತದೆ, ದೇವರ ಮಗುವಿನ ಜೊತೆ ಯಾರೂ ಆಟ ಆಡುವುದಿಲ್ಲ. ನಮ್ಮ ಅತ್ತಿಗೆ ಮಾತ್ರ ಮುಂದಿನ ಮದುವೆಗೆ ಫೋನ್ ಮಾಡಿ "ಮುಹೂರ್ತ ಹತ್ತೂಕಾಲಿಗೆ, ಆ ಹೊತ್ತಿಗೆ ಅವನನ್ನ ನಾನು ಹೊರಗೆ ಕರ್ಕೊಂಡು ಹೋಗ್ತೀನಿ, ನೀನು ಅಕ್ಷತೆ ಹಾಕು" ಅಂದರು. ಎಂಟು ವರ್ಷದ ಮೇಲೆ ನಾನು ಒಂದು ಮದುವೆಯಲ್ಲಿ ಅಕ್ಷತೆ ಹಾಕಿದೆ.

2022ರ ಮೇ ತಿಂಗಳಲ್ಲಿ ರಾಂಚಿ ವಿಮಾನ ನಿಲ್ದಾಣದಲ್ಲಿ ಗಾಬರಿಯಾಗಿದ್ದ ಒಂದು ವಿಶೇಷ ಮಗುವನ್ನು ವಿಮಾನ ಹತ್ತಿಸಲಿಲ್ಲ, ಅಪ್ಪ ಅಮ್ಮ ಜೊತೆಗೇ ಇದ್ದರೂ. ವಿಮಾನ ಕಂಪನಿಗೆ ವಿಮಾನಯಾನ ನಿಯಂತ್ರಣ ಸಂಸ್ಥೆ ಡಿಜಿಸಿಎ 5 ಲಕ್ಷ ದಂಡ ಹಾಕಿತು. ದಂಡಕ್ಕಿಂತ ನನ್ನ ಮನಸ್ಸಿನಲ್ಲಿ ಉಳಿದದ್ದು ಆವತ್ತಿನ ಸಹಪ್ರಯಾಣಿಕರು. ಅದರಲ್ಲಿ ಡಾಕ್ಟರುಗಳೂ ಇದ್ದರು, ಆ ಮಗುವಿಗಾಗಿ ಸಿಬ್ಬಂದಿ ಜೊತೆ ವಾದ ಮಾಡಿದರು. ಗುರುತು ಪರಿಚಯ ಇಲ್ಲದವರು.

ಮತ್ತೆ 18ರ ಪ್ರಶ್ನೆ. ಮಗನಿಗೆ 18 ತುಂಬಿದ ದಿನ ಕಾನೂನಿನ ಲೆಕ್ಕದಲ್ಲಿ ನಾವು ಅವನ ಪಾಲಕರಲ್ಲ. ಬ್ಯಾಂಕು, ಆಸ್ತಿ, ಆಪರೇಷನ್‌ಗೆ ಸಹಿ, ಎಲ್ಲಕ್ಕೂ ತೊಡಕು ಬರುತ್ತದೆ. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬುದ್ಧಿಮಾಂದ್ಯತೆ, ಬಹುವೈಕಲ್ಯ ಇರುವವರಿಗೆ 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆಯಲ್ಲಿ ದಾರಿ ಇದೆ. ಜಿಲ್ಲೆಯಲ್ಲಿ ಡಿಸಿ ಅಧ್ಯಕ್ಷತೆಯ ಸ್ಥಳೀಯ ಸಮಿತಿಗೆ ಅರ್ಜಿ ಹಾಕಿ ಪಾಲಕತ್ವದ ಪತ್ರ ತಗೋಬೇಕು. ಅದೇ ಟ್ರಸ್ಟಿನ ನಿರಾಮಯ ವಿಮೆಯಲ್ಲಿ ವರ್ಷಕ್ಕೆ 1 ಲಕ್ಷದವರೆಗೆ ಸಿಗುತ್ತದೆ, ಥೆರಪಿಯ ಖರ್ಚೂ ಅದರಲ್ಲಿ ಸೇರುತ್ತದೆ. ಕಾಗದದ ಪಾಲಕರು ಸಿಗಬಹುದು. ಆದರೆ ರಾತ್ರಿ ಎರಡು ಗಂಟೆಗೆ "ನಾವಿಲ್ಲದ ಮೇಲೆ ಯಾರು" ಅಂತ ಎದ್ದು ಕೂರುವಾಗ ನಾನು ಎಣಿಸುವುದು ಕಾಗದ ಅಲ್ಲ. ಅವನ ಕಿವಿ ನೋವು ಯಾರಿಗೆ ಗೊತ್ತಾಗುತ್ತದೆ, ಅವನು ಬಾಗಿಲಿಗೆ ಹಣೆ ಒತ್ತಿ ನಿಂತರೆ ಹಸಿವು ಅಂತ ಯಾರು ತಿಳಿದುಕೊಳ್ಳುತ್ತಾರೆ, ಅಂಥವರನ್ನು ಎಣಿಸುತ್ತೇನೆ. ಮೊದಲು ಎಣಿಕೆ ನನ್ನಲ್ಲೇ ನಿಲ್ಲುತ್ತಿತ್ತು. ನಾನು ಆ ಕುರ್ಚಿ ಬಿಟ್ಟದ್ದು ಇದೇ ಕಾರಣಕ್ಕೆ.

ಶಾಲೆ ಬದಲಾಯಿಸಿದೆವು. ಮನೆಯಿಂದ ಒಂದು ಕಿಲೋಮೀಟರ್ ದೂರದ ಸರ್ಕಾರಿ ಶಾಲೆ. ಕ್ಲಾಸಿನಲ್ಲಿ ಇಪ್ಪತ್ತೊಂದು ಮಕ್ಕಳು. ಮೊದಲ ದಿನ ನಾನು ಅಭ್ಯಾಸಬಲದಿಂದ ಬಾಗಿಲ ಹೊರಗೆ ನಿಂತೆ. ಟೀಚರ್ ಬಂದು "ನೀವು ಮನೆಗೆ ಹೋಗಿ, ನೀವಿದ್ರೆ ಅವನು ನನ್ನ ನೋಡಲ್ಲ, ಏನಾದ್ರೂ ಆದ್ರೆ ಫೋನ್ ಮಾಡ್ತೀನಿ" ಅಂದರು. ಹೋಗುವ ಮುಂಚೆ ಅರ್ಧ ಗಂಟೆ ಕೂರಿಸಿಕೊಂಡು ಅವನ ಬಗ್ಗೆ ಕೇಳಿ ಒಂದು ನೋಟ್‌ಬುಕ್ಕಿನಲ್ಲಿ ಬರೆದುಕೊಂಡರು. ಗಂಟೆಯ ಸದ್ದಿಗೆ ಹೆದರುತ್ತಾನೆ ಅಂದೆ. ಅಲ್ಲಿ ಗಂಟೆ ಅಂದರೆ ಜಗಲಿಯಲ್ಲಿ ನೇತುಹಾಕಿದ ಕಬ್ಬಿಣದ ತುಂಡು. ಅವರು ಗಂಟೆ ಹೊಡೆಯುವ ಕೆಲಸವನ್ನು ಅವನಿಗೇ ಕೊಟ್ಟರು, ಜೊತೆಗೆ ಒಬ್ಬ ದೊಡ್ಡ ಹುಡುಗ. ಸದ್ದು ಯಾವಾಗ ಬರುತ್ತದೆ ಅಂತ ತನಗೇ ಗೊತ್ತಿದ್ದರೆ ಅವನಿಗೆ ಭಯವಿಲ್ಲ. ಎರಡು ವಾರದಲ್ಲಿ ಕಿವಿ ಮುಚ್ಚುವುದು ನಿಂತಿತು.

ಮೊದಲ ವಾರ ದಿನಾ ಫೋನ್ ಬಂತು. ಬಿಸಿಯೂಟದ ತಟ್ಟೆ ತಳ್ಳುತ್ತಾನೆ, ಏನು ಮಾಡಲಿ ಅಂತ. ಸಾಂಬಾರ್ ತಾಗಿದ ಅನ್ನ ಅವನು ಮುಟ್ಟುವುದಿಲ್ಲ, ಬರೀ ಅನ್ನ ಕೊಡಿ ಅಂದೆ. ಆಮೇಲೆ ಎರಡು ದಿನಕ್ಕೊಂದು ಸಲ ಬಂತು. ಮೂರನೇ ವಾರ ಫೋನೇ ಇಲ್ಲ. ಊಟ ಬಿಟ್ಟನೋ ಏನೋ ಅಂತ ನಾನು ಮಧ್ಯಾಹ್ನ ಓಡಿಹೋದೆ. ಮಗ ಸಾಲಿನಲ್ಲಿ ಕೂತು ಉಣ್ಣುತ್ತಿದ್ದ. ಅಡುಗೆ ಮಾಡುವ ಅಕ್ಕ ನನ್ನನ್ನು ನೋಡಿ, "ಇದೇ ಸೌಟು ಸಾಂಬಾರಿಗೂ ಹಾಕ್ತಿದ್ವಲ್ಲ, ಅದ್ರ ವಾಸ್ನೆ ಅವನಿಗೆ ಆಗ್ತಿರಲಿಲ್ಲ ಕಣಮ್ಮ, ಅವನ ಅನ್ನಕ್ಕೆ ಬೇರೆ ಸೌಟು ಇಟ್ಟಿದೀನಿ" ಅಂದರು.